ಬಿಸಿಲಿಗೆ ಮುದುಡುವ ಹುಲ್ಲು

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಮನೆಯ ಮಾಳಿಗೆಗೆ ಹಸಿರು ಹಾಸು ಹಾಸುವುದು ಈಗ ಅಪರೂಪವಲ್ಲ. ಅಂಗಡಿಗೆ ಹೋಗಿ 'ಗ್ರಾಸ್ ಮ್ಯಾಟ್' ಎಂದರೆ ಸುರುಳಿಯಿಂದ ಬೇಕಾದಷ್ಟು ಕತ್ತರಿಸಿ ಕೊಡುತ್ತಾರೆ. ಬಾಲ್ಕನಿಯಲ್ಲಿ, ನರ್ಸರಿ ಶಾಲೆಯ ಆಟದ ಮೂಲೆಯಲ್ಲಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಬಾಕ್ಸ್ ಕ್ರಿಕೆಟ್ ಟರ್ಫ್‌ನಲ್ಲಿ ಕಾಣುವುದು ಇದೇ. ಮೊದಲ ವರ್ಷ ನೋಡಲು ಚೆಂದ. ಎರಡನೆಯ ಅಥವಾ ಮೂರನೆಯ ಬೇಸಿಗೆ ಮುಗಿಯುವ ಹೊತ್ತಿಗೆ ಎರಡು ಸುರುಳಿಗಳು ಕೂಡುವ ಕಡೆ ಜೋಡಣೆ ಬಾಯಿ ಬಿಟ್ಟಿರುತ್ತದೆ. ಕಿಟಕಿಯ ಎದುರು ಒಂದು ಪಟ್ಟಿ ಸುಟ್ಟಂತೆ ಮುದುಡಿರುತ್ತದೆ. ಓಡಾಡುವ ದಾರಿಯಲ್ಲಿ ಎಳೆಗಳು ಮಲಗಿಬಿಟ್ಟಿರುತ್ತವೆ. ಇದನ್ನು ರಿಪೇರಿ ಮಾಡಿಸಬಹುದೇ, ಕಿತ್ತು ಹಾಕಬೇಕೇ ಎಂಬ ಪ್ರಶ್ನೆ ಏಳುವುದು ಆಗ.

ಇದಕ್ಕೆ ಒಂದೇ ಉತ್ತರವಿಲ್ಲ. ಮೂರೂ ತೊಂದರೆಗಳು ಬಿಸಿಲಿನಲ್ಲೇ ಹೆಚ್ಚಾದರೂ ಅವು ಮೂರು ಬೇರೆ ಬೇರೆ ಕಾಯಿಲೆಗಳು. ಕಾಯಿಲೆ ಯಾವುದೆಂದು ತಿಳಿಯದೆ ಹಾಕಿದ ತೇಪೆ ಮುಂದಿನ ಬೇಸಿಗೆಗೆ ಮತ್ತೆ ಏಳುತ್ತದೆ. ಗುರುತಿಸುವುದು ಕಷ್ಟವಲ್ಲ, ಆದರೆ ಹಾಸಿನ ಒಂದು ಮೂಲೆಯನ್ನು ಮಗುಚಿ ಬೆನ್ನು ನೋಡಬೇಕಾಗುತ್ತದೆ.

ಮೇಲೆ ಹುಲ್ಲಿನಂತೆ ಕಾಣುವ ಎಳೆಗಳು ಹೆಚ್ಚಾಗಿ ಪಾಲಿಥಿಲೀನ್, ಅಂದರೆ ಹಾಲಿನ ಪ್ಯಾಕೆಟ್ ಮಾಡುವ ಪ್ಲಾಸ್ಟಿಕ್‌ನ ಮನೆತನದ್ದು. ಬುಡದಲ್ಲಿ ಗುಂಗುರಾಗಿ ಸುತ್ತಿಕೊಂಡಿರುವ ಕಂದು ಅಥವಾ ತಿಳಿಹಸಿರು ಎಳೆಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಸಿಮೆಂಟ್ ಚೀಲ ನೇಯುವ ಪ್ಲಾಸ್ಟಿಕ್. ಬೆನ್ನಿನ ಬಟ್ಟೆಯನ್ನು ನೇಯುವುದೂ ಬಹುಮಟ್ಟಿಗೆ ಅದರಿಂದಲೇ. ಕಾರ್ಪೆಟ್ ಮಾಡುವ ಯಂತ್ರದಂಥದ್ದೇ ಒಂದು ಯಂತ್ರ ಸೂಜಿಗಳ ಸಾಲಿನಿಂದ ಎಳೆಗಳನ್ನು ಆ ಬಟ್ಟೆಗೆ ಚುಚ್ಚಿ ಕೂರಿಸುತ್ತದೆ. ಚುಚ್ಚಿದ ಎಳೆ ಕಿತ್ತು ಬಾರದಿರಲೆಂದು ಹಿಂದಿನಿಂದ ಲ್ಯಾಟೆಕ್ಸ್ ಅಥವಾ ಪಾಲಿಯುರೆಥೇನ್ ಎಂಬ ಅಂಟನ್ನು ಬಳಿದು ಒಣಗಿಸಿರುತ್ತಾರೆ. ಬೆನ್ನಿನಲ್ಲಿ ನೇರ ಗೆರೆಗಳಾಗಿ ಕಾಣುವುದು ಹೊಲಿಗೆಯ ಸಾಲು. ಅಲ್ಲಲ್ಲಿ ಇರುವ ತೂತುಗಳು ನೀರು ಇಳಿಯಲಿಕ್ಕೆ. ಎಳೆ ಉದ್ದವಿರುವ ಹಾಸಾದರೆ ನಡುವೆ ಸಣ್ಣ ಸಿಲಿಕಾ ಮರಳನ್ನು ಉದುರಿಸಿ ತುಂಬುತ್ತಾರೆ. ಅದು ಎಳೆಗಳನ್ನು ನೆಟ್ಟಗೆ ನಿಲ್ಲಿಸುತ್ತದೆ, ಹಾಸಿಗೆ ತೂಕವನ್ನೂ ಕೊಡುತ್ತದೆ.

ಈ ವಸ್ತು ಜಗತ್ತಿನಲ್ಲಿ ಹೆಸರು ಮಾಡಿದ್ದು ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಛಾವಣಿಯುಳ್ಳ ಕ್ರೀಡಾಂಗಣ ತೆರೆಯಿತು. ಪಾರದರ್ಶಕ ಛಾವಣಿಯಿಂದ ಕಣ್ಣಿಗೆ ಹೊಡೆಯುವ ಬೆಳಕಿನಲ್ಲಿ ಆಟಗಾರರಿಗೆ ಚೆಂಡು ಕಾಣುತ್ತಿರಲಿಲ್ಲ. ಛಾವಣಿಗೆ ಬಣ್ಣ ಬಳಿದರು. ಬೆಳಕು ಸಾಲದೆ ಕೆಳಗಿನ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಹಾಸಿದ ನೈಲಾನ್ ಹಾಸಿಗೆ ಆ ಕ್ರೀಡಾಂಗಣದಿಂದಲೇ ಆಸ್ಟ್ರೋಟರ್ಫ್ ಎಂಬ ಹೆಸರು ಬಂತು. ಹತ್ತು ವರ್ಷದ ನಂತರ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಮಣ್ಣು ಮತ್ತು ಹುಲ್ಲಿನ ಮೈದಾನದಲ್ಲಿ ಪಳಗಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿದದ್ದನ್ನು ಕೊಡಗಿನ ಹಾಕಿ ಮನೆಗಳು ಇನ್ನೂ ಮರೆತಿಲ್ಲ. ನೆರಳಿನಲ್ಲಿ ಹುಲ್ಲು ಬದುಕದಿದ್ದುದಕ್ಕೆ ಬಂದ ಪರಿಹಾರವನ್ನು ನಾವು ಈಗ ಮರದ ನೆರಳೂ ಬೀಳದ ಮಾಳಿಗೆಯ ಮೇಲೆ ಹಾಸುತ್ತಿದ್ದೇವೆ. ಇಲ್ಲಿನ ರಿಪೇರಿಯ ಕಷ್ಟಗಳೆಲ್ಲ ಹೊರಡುವುದು ಇದರಿಂದಲೇ.

ನಿಜವಾದ ಹುಲ್ಲು ಬಿಸಿಲಿನಲ್ಲಿ ತಂಪಾಗಿ ಉಳಿಯುವುದು ಬೆವರುವುದರಿಂದ. ಬೇರು ಹೀರಿದ ನೀರು ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಡುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಮಣ್ಣಿನ ಮಡಕೆಯ ನೀರು ಮೇ ತಿಂಗಳಲ್ಲೂ ತಂಪಾಗಿರುವುದು ಇದೇ ಲೆಕ್ಕದಲ್ಲಿ. ಪ್ಲಾಸ್ಟಿಕ್ ಎಳೆಗೆ ಬೇರಿಲ್ಲ, ಬೆವರಿಲ್ಲ. ಹೀರಿದ ಬಿಸಿಲೆಲ್ಲ ಅದರ ಮೈಯಲ್ಲೇ ಉಳಿಯುತ್ತದೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕಂಬಳಿಯಂತೆ ಕೆಲಸ ಮಾಡುವುದರಿಂದ ಆ ಶಾಖ ಕೆಳಗಿನ ಸಿಮೆಂಟಿಗೂ ಸುಲಭವಾಗಿ ಇಳಿಯುವುದಿಲ್ಲ.

ಅಮೆರಿಕದ ಯೂಟಾ ರಾಜ್ಯದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಅಳೆದು ನೋಡಿದರು. ಗಾಳಿಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಕೃತಕ ಹಾಸಿನ ಮೈ ಸುಮಾರು 93 ಡಿಗ್ರಿಗೆ ಏರಿತ್ತು. ನೀರು ಹಾಯಿಸಿದಾಗ 79 ಡಿಗ್ರಿಯಿಂದ 29ಕ್ಕೆ ಇಳಿಯಿತು. ಐದೇ ನಿಮಿಷದಲ್ಲಿ 49ಕ್ಕೆ ಏರಿತು. ಇಪ್ಪತ್ತು ನಿಮಿಷಕ್ಕೆ 73ರ ಹತ್ತಿರ ಬಂದಿತ್ತು. ಅದು ಕಪ್ಪು ರಬ್ಬರ್ ಹರಳು ತುಂಬಿದ ಆಟದ ಮೈದಾನ. ಮನೆಯ ಹಾಸು ಸಾಮಾನ್ಯವಾಗಿ ಅಷ್ಟು ಕಾಯುವುದಿಲ್ಲ. ಆದರೂ ಗಾಳಿಗೂ ಹಾಸಿಗೂ ನಡುವೆ ಇರುವ ಅಂತರ ಎಂಥದ್ದೆಂದು ಈ ಅಂಕಿಗಳಿಂದ ತಿಳಿಯುತ್ತದೆ. ಗಾಳಿಯೇ 42 ಡಿಗ್ರಿ ಮುಟ್ಟುವ ರಾಯಚೂರಿನಂಥ ಊರಿನಲ್ಲಿ ಮಾಳಿಗೆಗೆ ನೀರು ಚಿಮುಕಿಸಿ ತಂಪು ಮಾಡುತ್ತೇನೆ ಎನ್ನುವವರು ಆ ಇಪ್ಪತ್ತು ನಿಮಿಷವನ್ನು ನೆನಪಿಡಬೇಕು.

ಈಗ ಒಂದೊಂದಾಗಿ ಕಾಯಿಲೆಗಳನ್ನು ನೋಡೋಣ.

ಜೋಡಣೆ ಬಾಯಿ ಬಿಡುವುದು ಹಿಗ್ಗುವಿಕೆಯ ಫಲ. ಕಾಂಕ್ರೀಟ್ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಏರಿದರೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ಹಿಗ್ಗುವುದು ಅದರ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಐದು ಮೀಟರ್ ಉದ್ದದ ಹಾಸು ನಸುಕಿಗೂ ಮಧ್ಯಾಹ್ನಕ್ಕೂ ನಡುವೆ 40 ಡಿಗ್ರಿ ವ್ಯತ್ಯಾಸ ಕಂಡಿತೆನ್ನಿ. ಯಾರೂ ಹಿಡಿದಿಡದಿದ್ದರೆ ಲೆಕ್ಕದ ಪ್ರಕಾರ ಅದು ಎರಡು ಸೆಂಟಿಮೀಟರ್‌ನಷ್ಟು ಉದ್ದವಾಗಬೇಕು. ಕೆಳಗಿನ ಕಾಂಕ್ರೀಟ್ ಎರಡು ಮಿಲಿಮೀಟರ್ ಕೂಡ ಅಲುಗುವುದಿಲ್ಲ. ನೇಯ್ಗೆಯೂ ಮರಳಿನ ತೂಕವೂ ಸೇರಿ ಈ ಚಲನೆಯನ್ನು ಬಹಳಷ್ಟು ತಡೆಯುತ್ತವೆ, ನಿಜ. ತಡೆದ ಬಲ ಹೋಗಿ ಬೀಳುವುದು ಜೋಡಣೆಯ ಅಂಟಿನ ಮೇಲೆ. ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿ ಎಳೆದಾಡುವ ಹಾಸಿನ ನಡುವೆ ಅಂಟು ಮೊದಲು ದಣಿಯುತ್ತದೆ.

ಮುದುಡುವ ಕಾಯಿಲೆ ಬೇರೆ. ಹಾಲಿನ ಖಾಲಿ ಪ್ಯಾಕೆಟ್ಟನ್ನು ಬಿಸಿ ಪಾತ್ರೆಗೆ ತಾಗಿಸಿದರೆ ಅದು ಸರ್ರನೆ ಕುಗ್ಗಿ ಗಂಟಾಗುವುದನ್ನು ಎಲ್ಲರೂ ನೋಡಿದ್ದೇವೆ. ಹುಲ್ಲಿನ ಎಳೆಯನ್ನು ಕಾರ್ಖಾನೆಯಲ್ಲಿ ಬಿಸಿಯಾಗಿದ್ದಾಗ ಎಳೆದು ಉದ್ದ ಮಾಡಿರುತ್ತಾರೆ. ಹಾಗೆ ಎಳೆಯುವುದರಿಂದಲೇ ಅದಕ್ಕೆ ಬಲ ಬರುವುದು. ಮತ್ತೆ ಸಾಕಷ್ಟು ಕಾದಾಗ ಅದು ಎಳೆಯುವ ಮುಂಚಿನ ಆಕಾರಕ್ಕೆ ಮರಳಲು ನೋಡುತ್ತದೆ. ಪಾಲಿಥಿಲೀನ್ ಕರಗುವುದು ಅದರ ಬಗೆಯನ್ನು ಅವಲಂಬಿಸಿ 110ರಿಂದ 130 ಡಿಗ್ರಿಯಲ್ಲಿ. ಮುದುಡಲು ಅಷ್ಟು ಬೇಡ, ಅದಕ್ಕಿಂತ ಕೆಳಗೇ ಶುರುವಾಗುತ್ತದೆ. ಬಿಸಿಲೊಂದೇ ಸಾಮಾನ್ಯವಾಗಿ ಅಲ್ಲಿಗೆ ತಲುಪುವುದಿಲ್ಲ. ಮುದುಡಿದ ಪಟ್ಟಿ ಕಂಡರೆ ಎರಡನೆಯ ಸೂರ್ಯ ಎಲ್ಲಿದೆ ಎಂದು ಹುಡುಕಬೇಕು.

ಆ ಎರಡನೆಯ ಸೂರ್ಯ ಹೆಚ್ಚಾಗಿ ಗಾಜು. ಶಾಖ ತಡೆಯುವ ಲೇಪನವಿರುವ ಕಿಟಕಿ ಗಾಜು ಮನೆಯನ್ನು ತಂಪಾಗಿಡುವುದು ಬಿಸಿಲನ್ನು ಹಿಂದಕ್ಕೆ ಕಳಿಸುವುದರ ಮೂಲಕ. ಕಳಿಸಿದ್ದು ಎಲ್ಲೋ ಬೀಳಲೇಬೇಕಲ್ಲ. ಎರಡು ಪದರದ ಗಾಜಿನಲ್ಲಿ ನಡುವಿನ ಗಾಳಿಯ ಒತ್ತಡ ಕಡಿಮೆಯಾದಾಗ ಗಾಜು ಕಣ್ಣಿಗೆ ಕಾಣದಷ್ಟು ಒಳಕ್ಕೆ ಬಾಗಿ ನಿಮ್ನ ಕನ್ನಡಿಯಾಗುತ್ತದೆ. ಬಾಲ್ಯದಲ್ಲಿ ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಅದು ಬೆಳಕನ್ನು ಒಂದು ಪಟ್ಟಿಗೆ ಕೂಡಿಸುತ್ತದೆ. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಎಂಬ ಬಾಗಿದ ಗಾಜಿನ ಕಟ್ಟಡ 2013ರಲ್ಲಿ ಕೆಳಗೆ ನಿಂತ ಕಾರಿನ ಪ್ಲಾಸ್ಟಿಕ್ ಭಾಗಗಳನ್ನು ಕರಗಿಸಿತ್ತು. ಲಂಡನ್ನಿನ ಬಿಸಿಲಿಗೇ ಅದು ಸಾಧ್ಯವಾಯಿತು. ನಮ್ಮಲ್ಲಿ ಪಕ್ಕದ ಮನೆಯ ಹೊಸ ಗಾಜಿನ ಬಾಲ್ಕನಿ ಬಂದ ವರ್ಷವೇ ನಮ್ಮ ಹಾಸು ಸುಟ್ಟಿದ್ದರೆ ಕಾರಣ ದೂರವಿಲ್ಲ. ಬಿಸಿಲಿಗೆ ಒಣಗಿಸಿಟ್ಟ ಹೊಳೆಯುವ ಸ್ಟೀಲ್ ಬೋಗುಣಿಯ ಒಳಮೈ ಕೂಡ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡಬಲ್ಲದು. ಗುರುತು ಸುಲಭ: ಗಾಜಿನ ಸುಟ್ಟ ಗಾಯ ಉದ್ದ ಪಟ್ಟಿಯಾಗಿ, ಸೂರ್ಯ ಸರಿದ ದಾರಿಯಲ್ಲಿ ಇರುತ್ತದೆ. ದೀಪಾವಳಿಯ ಸುರುಸುರು ಬತ್ತಿಯ ಗಾಯ ಚುಕ್ಕೆ ಚುಕ್ಕೆಯಾಗಿ ಇರುತ್ತದೆ.

ಮೂರನೆಯದು ಎಳೆ ಮಲಗುವುದು. ಬಿಸಿಯಾದ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಮೆತ್ತಗಿರುವಾಗ ಮೇಲೆ ನಡೆದರೆ, ಕುರ್ಚಿ ಇಟ್ಟರೆ, ಬಾಗಿದ ಆಕಾರದಲ್ಲೇ ತಣ್ಣಗಾಗಿ ಅದನ್ನೇ ತನ್ನ ಆಕಾರ ಮಾಡಿಕೊಳ್ಳುತ್ತದೆ. ಇದು ಎಲ್ಲಕ್ಕಿಂತ ಹಗುರವಾದ ಕಾಯಿಲೆ. ಗಟ್ಟಿ ನೈಲಾನ್ ಕುಂಚದ ಪೊರಕೆಯಿಂದ ಎಳೆಗಳು ವಾಲಿದ ದಿಕ್ಕಿಗೆ ಎದುರಾಗಿ ಬಾಚಿ, ಕೊಚ್ಚಿಹೋದ ಮರಳನ್ನು ಮತ್ತೆ ತುಂಬಿದರೆ ಬಹುಪಾಲು ಏಳುತ್ತದೆ. ತಂತಿಯ ಬ್ರಷ್ ಮಾತ್ರ ಬೇಡ, ಅದು ಎಳೆಯನ್ನು ಸೀಳುತ್ತದೆ.

ನಾಲ್ಕನೆಯದೊಂದಿದೆ, ಅದಕ್ಕೆ ಔಷಧವಿಲ್ಲ. ಹೊರಗಿಟ್ಟ ಅಗ್ಗದ ಪ್ಲಾಸ್ಟಿಕ್ ಬಕೆಟ್ಟು ನಾಲ್ಕು ವರ್ಷಕ್ಕೆ ಬಿಳಚಿಕೊಂಡು, ಒಂದು ದಿನ ಹಿಡಿ ಹಿಡಿದಾಗ ಚೂರಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್‌ನ ಉದ್ದ ಅಣು ಸರಪಳಿಗಳನ್ನು ಆಮ್ಲಜನಕದ ಜೊತೆ ಸೇರಿ ತುಂಡರಿಸುವುದರಿಂದ ಹೀಗಾಗುತ್ತದೆ. ಇದನ್ನು ತಡೆಯಲು ಎಳೆಯಲ್ಲಿ ರಕ್ಷಕ ರಾಸಾಯನಿಕಗಳನ್ನು ಬೆರೆಸುತ್ತಾರೆ. ಮಾಳಿಗೆಯ ನೀರಿನ ಟ್ಯಾಂಕಿನ ಕಪ್ಪು ಬಣ್ಣವೂ ಅಂಥದ್ದೇ ರಕ್ಷಣೆ, ಅದು ಇಂಗಾಲದ ಪುಡಿ. ಹಾಸಿನ ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲು ಈ ರಕ್ಷಕ ಎಷ್ಟಿದೆ ಎಂಬುದಕ್ಕೆ ಸೇರಿದ್ದು. ಕಣ್ಣಿಗೆ ಮಾತ್ರ ಅದು ಕಾಣುವುದಿಲ್ಲ. ರಕ್ಷಕ ಖರ್ಚಾದ ಮೇಲೆ ಎಳೆ ಬೇಗ ಸೊರಗುತ್ತದೆ.

ಆದ್ದರಿಂದ ಯಾವುದೇ ರಿಪೇರಿಗೆ ಮುಂಚೆ ಎಳೆಯಲ್ಲಿ ಜೀವ ಇದೆಯೇ ನೋಡಬೇಕು. ಹೆಚ್ಚು ಬಿಸಿಲು ಬೀಳುವ ಕಡೆಯಿಂದ ಒಂದು ಎಳೆಯನ್ನು ಹಿಡಿದು ಉಗುರಿನಿಂದ ಮಡಿಸಿ ಹಿಂದಕ್ಕೂ ಮುಂದಕ್ಕೂ ನಾಲ್ಕೈದು ಸಲ ಬಾಗಿಸಿ. ಬಾಗಿ ನಿಂತರೆ ಜೀವ ಇದೆ. ಚಟ್ಟನೆ ಮುರಿದರೆ, ಅಂಗೈಯಿಂದ ಒರೆಸಿದಾಗ ಹಸಿರು ಪುಡಿ ಕೈಗೆ ಅಂಟಿದರೆ, ಆ ಹಾಸಿಗೆ ತೇಪೆ ಹಾಕುವುದು ದುಡ್ಡು ಕಳೆದುಕೊಳ್ಳುವ ಕೆಲಸ. ಇನ್ನೊಂದು ಪರೀಕ್ಷೆ ಬೆನ್ನಿಗೆ. ಒಂದು ಗೊಂಚಲು ಎಳೆಯನ್ನು ಸ್ವಲ್ಪ ಬಲವಾಗಿ ಎಳೆದಾಗ ಬುಡಸಮೇತ ಬಂದರೆ ಹಿಂದಿನ ಲ್ಯಾಟೆಕ್ಸ್ ಸೋತಿದೆ ಎಂದರ್ಥ. ನೀರು ನಿಂತು ನಿಂತು ಒಣಗುವ ಮಾಳಿಗೆಯಲ್ಲಿ ಹೀಗಾಗುವುದು ಹೆಚ್ಚು.

ಜೀವ ಇದೆ ಎಂದಾದರೆ ಮುದುಡಿದ ಪಟ್ಟಿಗೆ ತೇಪೆ ಹಾಕಬಹುದು. ಕೆಲಸದ ಗುಟ್ಟೆಲ್ಲ ಬೆನ್ನಿನ ಹೊಲಿಗೆ ಸಾಲಿನಲ್ಲಿದೆ. ಸುಟ್ಟ ಭಾಗ ಗುಂಡಗಿದ್ದರೂ ಕತ್ತರಿಸುವುದು ಚೌಕವಾಗಿ, ಅದೂ ಹಿಂದಿನಿಂದ, ಎರಡು ಹೊಲಿಗೆ ಸಾಲುಗಳ ನಡುವಿನ ಗೆರೆ ಹಿಡಿದು. ಮೇಲಿನಿಂದ ಕತ್ತರಿಸಿದರೆ ಒಳ್ಳೆಯ ಎಳೆಗಳೂ ತುಂಡಾಗಿ ಜೋಡಣೆ ಬೋಳಾಗಿ ಕಾಣುತ್ತದೆ. ಕಟ್ಟರಿನ ಬ್ಲೇಡನ್ನು ಧಾರಾಳವಾಗಿ ಬದಲಿಸಬೇಕು, ಏಕೆಂದರೆ ಒಳಗಿನ ಮರಳು ಅದನ್ನು ಬೇಗ ಮೊಂಡು ಮಾಡುತ್ತದೆ. ತುಂಬುವ ತುಂಡಿನ ಎಳೆಗಳು ವಾಲುವ ದಿಕ್ಕು ಹಳೆಯದರ ದಿಕ್ಕೇ ಆಗಿರಬೇಕು. ತಿರುಗಿದರೆ ಬಣ್ಣ ಒಂದೇ ಇದ್ದರೂ ದೂರದಿಂದ ಅದು ಬೇರೆ ಹಸಿರಾಗಿ ಕಾಣುತ್ತದೆ, ಕಾಟನ್ ವೆಲ್ವೆಟ್ಟನ್ನು ಉಲ್ಟಾ ಹೊಲಿದಂತೆ.

ಹೊಸ ಸುರುಳಿಯ ತುಂಡು ಹಳೆಯದರ ನಡುವೆ ಎದ್ದು ಕಾಣುವುದು ಖಂಡಿತ. ಅದಕ್ಕೆ ಅನುಭವಿ ಕೆಲಸಗಾರರು ಮಾಡುವ ಉಪಾಯ ಸರಳವಾದದ್ದು. ಇದೇ ಹಾಸಿನಲ್ಲಿ ಯಾರೂ ನೋಡದ, ಆದರೆ ಇಷ್ಟೇ ಬಿಸಿಲು ಕಂಡ ಮೂಲೆಯಿಂದ ಒಂದು ತುಂಡು ತೆಗೆದು ನಡುವಿನ ಗಾಯಕ್ಕೆ ಹಾಕುತ್ತಾರೆ. ಹೊಸ ತುಂಡನ್ನು ಆ ಮೂಲೆಗೆ ಕೊಡುತ್ತಾರೆ. ಟ್ಯಾಂಕಿನ ನೆರಳಲ್ಲಿದ್ದ ಮೂಲೆ ಇದಕ್ಕೆ ಆಗದು, ಅಲ್ಲಿನ ಬಣ್ಣ ಮಾಸಿರುವುದಿಲ್ಲ.

ತುಂಡನ್ನು ನೇರವಾಗಿ ನೆಲಕ್ಕೆ ಅಂಟಿಸುವುದಿಲ್ಲ. ಗಾಯದ ಅಂಚಿನ ಕೆಳಗೆ ಸುಮಾರು ಒಂದು ಅಡಿ ಅಗಲದ ಜೋಡಣೆ ಪಟ್ಟಿ ತೂರಿಸಿ, ಅದರ ಮೇಲೆ ಅಂಟು ಬಳಿದು ಎರಡೂ ಕಡೆಯ ಬೆನ್ನನ್ನು ಅದಕ್ಕೆ ಒತ್ತುತ್ತಾರೆ. ಆಗ ಹಾಸೆಲ್ಲ ಒಟ್ಟಾಗಿ ಹಿಗ್ಗಿ ಕುಗ್ಗುತ್ತದೆ. ಎರಡು ಅಂಚುಗಳ ನಡುವೆ ಬಿಡುವ ಸಂದು ಹೊಲಿಗೆ ಸಾಲುಗಳ ನಡುವಿನ ಸಂದಿನಷ್ಟೇ ಇರಬೇಕು. ಬಾಯಿ ಬಿಟ್ಟ ಜೋಡಣೆಗೂ ಇದೇ ಕ್ರಮ. ಹಳೆಯ ಅಂಟನ್ನು ಕೆರೆದು, ಧೂಳು ಒರೆಸಿ, ಹೊಸ ಪಟ್ಟಿ ಹಾಕಬೇಕು. ಹಳೆಯ ಅಂಟಿನ ಮೇಲೆಯೇ ಹೊಸದನ್ನು ಬಳಿದರೆ ಹೊಸದು ಹಿಡಿಯುವುದು ಧೂಳನ್ನು, ಹಾಸನ್ನಲ್ಲ.

ಬಿಸಿಲೂರಿನ ರಿಪೇರಿ ಬೇರೆಯಾಗುವುದು ಇಲ್ಲಿಂದ ಮುಂದೆ. ಮರಗೆಲಸದ ಬಿಳಿ ಅಂಟು ಮಳೆಗೆ ನೆನೆದು ಬಿಡುತ್ತದೆ. ಗನ್ನಿನಿಂದ ಬಿಸಿಮಾಡಿ ಹಾಕುವ ಅಂಟುಕಡ್ಡಿ ಹಾಸಿನ ಮಧ್ಯಾಹ್ನದ ಬಿಸಿಗೇ ಮೆತ್ತಗಾಗುತ್ತದೆ. ಹೊರಗೆ ಬಾಳುವುದು ಪಾಲಿಯುರೆಥೇನ್ ಅಂಟು. ಎರಡು ಡಬ್ಬಿ ಬೆರೆಸುವ ಬಗೆಯದಾದರೆ ಡಬ್ಬಿಯ ಮೇಲೆ ಬರೆದ ಸಮಯ ಸಾಮಾನ್ಯವಾಗಿ 20ರಿಂದ 25 ಡಿಗ್ರಿಗೆ ಲೆಕ್ಕ ಹಾಕಿದ್ದು. ಹತ್ತು ಡಿಗ್ರಿ ಏರಿದರೆ ಆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅರ್ಧ ಗಂಟೆ ಎಂದು ಬರೆದದ್ದು ಬಿಸಿಲಲ್ಲಿ ಕಾದ ಕಾಂಕ್ರೀಟಿನ ಮೇಲೆ ಕೆಲವೇ ನಿಮಿಷ. ಮೇಲೆ ಕೆನೆ ಕಟ್ಟಿದ ಅಂಟಿಗೆ ಹಾಸನ್ನು ಒತ್ತಿದರೆ ಅಂಟಿದಂತೆ ಕಾಣುತ್ತದೆ, ಆದರೆ ಹಿಡಿದಿರುವುದಿಲ್ಲ. ಮೇ ತಿಂಗಳಲ್ಲಿ ಮಾಡಿಸಿದ ರಿಪೇರಿ ಜೂನ್‌ನಲ್ಲಿ ಏಳುವುದಕ್ಕೆ ಕೆಲಸಗಾರನ ಅಪ್ರಾಮಾಣಿಕತೆಗಿಂತ ಮಧ್ಯಾಹ್ನದ ಹೊತ್ತು ಕಾರಣವಾಗಿರುವುದೇ ಹೆಚ್ಚೆಂದು ನನ್ನ ಅನಿಸಿಕೆ. ಮನೆಯವರೂ ಅವನನ್ನು ಮಧ್ಯಾಹ್ನವೇ ಕರೆದಿರುತ್ತಾರೆ.

ಹೊತ್ತು ಮುಖ್ಯವಾಗುವುದು ಹಿಗ್ಗುವಿಕೆಗಾಗಿಯೂ. ಉರಿಬಿಸಿಲಿನಲ್ಲಿ ಹಿಗ್ಗಿದ ಹಾಸನ್ನು ಬಿಗಿಯಾಗಿ ಜೋಡಿಸಿದರೆ ರಾತ್ರಿ ಕುಗ್ಗಿ ಸಂದು ಬಿಡುತ್ತದೆ. ಚಳಿಗಾಲದ ನಸುಕಿನಲ್ಲಿ ಬಿಗಿಯಾಗಿ ಜೋಡಿಸಿದರೆ ಮಧ್ಯಾಹ್ನ ಉಬ್ಬಿ ಅಲೆಯಾಗುತ್ತದೆ. ಹಾಸು ತನ್ನ ದಿನದ ಏರಿಳಿತದ ನಡುಮಟ್ಟದಲ್ಲಿರುವ ಹೊತ್ತು, ಅಂದರೆ ಬೆಳಗ್ಗೆ ಎಂಟರ ಸುಮಾರು ಅಥವಾ ಬಿಸಿಲು ಇಳಿದ ಸಂಜೆ, ಒಳ್ಳೆಯದು. ಸಂಜೆಯೇ ಇನ್ನೂ ಮೇಲು, ಏಕೆಂದರೆ ಅಂಟಿಗೆ ಗಟ್ಟಿಯಾಗಲು ತಂಪಾದ ರಾತ್ರಿ ಸಿಗುತ್ತದೆ. ಬೇಸಿಗೆಯಲ್ಲೇ ಮಾಡಲೇಬೇಕಾದರೆ ಎರಡು ಗಂಟೆ ಮುಂಚೆ ಆ ಜಾಗಕ್ಕೆ ಹಸಿರು ನೆರಳು ಬಲೆ ಕಟ್ಟಿ ನೆಲವನ್ನು ಆರಲು ಬಿಡಬೇಕು. ಅಂಟಿಸಿದ ಮೇಲೆ ಮರಳಿನ ಚೀಲಗಳನ್ನು ಒಂದು ಇಡೀ ದಿನ ಹೇರಿರಬೇಕು.

ಮಾಳಿಗೆಯಲ್ಲಿ ಒಂದು ಎಚ್ಚರ. ಹಾಸು ಏಳದಿರಲೆಂದು ಮೊಳೆ ಹೊಡೆಯಬಾರದು. ಜಲನಿರೋಧಕ ಪದರಕ್ಕೆ ತೂತಾದರೆ ಹಾಸಿನ ರಿಪೇರಿ ಹೋಗಿ ಛಾವಣಿಯ ರಿಪೇರಿ ಬರುತ್ತದೆ.

ಗಾಯಕ್ಕೆ ತೇಪೆ ಹಾಕಿದ ಮೇಲೆ ಎರಡನೆಯ ಸೂರ್ಯನನ್ನು ಮರೆಯಬಾರದು. ಕಿಟಕಿಯ ಹೊರಗೆ ಸೊಳ್ಳೆಪರದೆಯ ಜಾಲರಿ ಹಾಕಿದರೂ ಸಾಕು, ಪ್ರತಿಫಲನ ಚದುರಿ ದುರ್ಬಲವಾಗುತ್ತದೆ. ಗಾಜು ಪಕ್ಕದವರದಾದರೆ ನಮ್ಮ ಕಡೆ ಒಂದು ನೆರಳು ಬಲೆ ಅಥವಾ ಬಳ್ಳಿಯ ಚಪ್ಪರ ಹಾಕಬೇಕಾಗುತ್ತದೆ.

ಇಷ್ಟೆಲ್ಲ ಶ್ರಮ ಪಡಬೇಕೇ ಎಂದು ಕೇಳಿದರೆ, ಎಳೆಯಲ್ಲಿ ಜೀವ ಇರುವವರೆಗೆ ಪಡಬೇಕು ಎನ್ನುತ್ತೇನೆ. ಕಿತ್ತು ಹಾಕಿದ ಹಾಸು ಎಲ್ಲಿಗೂ ಹೋಗುವುದಿಲ್ಲ. ಎರಡು ಮೂರು ಬಗೆಯ ಪ್ಲಾಸ್ಟಿಕ್, ಲ್ಯಾಟೆಕ್ಸ್, ಮರಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗುಜರಿಯವರೂ ಅದನ್ನು ಮುಟ್ಟುವುದಿಲ್ಲ. ಪುಡಿಯಾದ ಎಳೆ ಮಳೆನೀರಿನ ಪೈಪಿನ ಮೂಲಕ ಚರಂಡಿಗೂ ಕೆರೆಗೂ ಸೇರುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಆಟದ ಮೈದಾನದ ಹಾಸುಗಳಿಗೆ ತುಂಬುವ ಪ್ಲಾಸ್ಟಿಕ್ ಮತ್ತು ರಬ್ಬರ್ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶ ಕೊಟ್ಟು ನಿಷೇಧಿಸಿದ್ದು ಇಂಥದೇ ಸೂಕ್ಷ್ಮ ಪ್ಲಾಸ್ಟಿಕ್‌ನ ಕಾರಣಕ್ಕೆ.

ಆದರೆ ಉಗುರಿನ ಪರೀಕ್ಷೆಯಲ್ಲಿ ಎಳೆ ಮುರಿದ ದಿನ, ಅದೇ ಜಾಗಕ್ಕೆ ಅದೇ ಹಾಸನ್ನು ಮತ್ತೆ ತರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಬಾಲ್ಕನಿ, ಚಪ್ಪರದ ಅಡಿ, ಉತ್ತರದ ಗೋಡೆಯ ನೆರಳು ಆದರೆ ತರಬಹುದು. ನೆಲದ ಅಂಗಳವಾದರೆ ಗರಿಕೆ ಇದೆ. ಬಿಸಿಲೂರುಗಳ ಆಟದ ಮೈದಾನಗಳಿಗೆ ಜಗತ್ತು ಬೆಳೆಸುವ ಬರ್ಮುಡಾ ಹುಲ್ಲು ಎಂಬುದು ಗಣಪತಿಗೆ ಏರಿಸುವ ಇದೇ ಗರಿಕೆ. ಬೇಸಿಗೆಯಲ್ಲಿ ಅದು ಕಂದಾಗುತ್ತದೆ, ನೀರು ಬಿದ್ದ ವಾರಕ್ಕೆ ಚಿಗುರುತ್ತದೆ. ಶಾಲೆಗಳ ವಿಷಯದಲ್ಲಿ ಮಾತ್ರ ನನ್ನ ಮಾತು ಸ್ವಲ್ಪ ಗಟ್ಟಿ. ಹಾಸನ್ನು ರಿಪೇರಿ ಮಾಡಿಸಲಿ, ಹೊಸದು ತರಲಿ, ಆಡಳಿತದವರು ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡು ಗಂಟೆಗೆ ಬಂದು ಅದರ ಮೇಲೆ ಅಂಗೈ ಊರಿ ಹತ್ತು ಎಣಿಸಬೇಕು. ಊರಲಾಗದಿದ್ದರೆ ಮೊದಲು ಅದಕ್ಕೆ ನೆರಳು ಕಟ್ಟಿಸಿ, ಮಕ್ಕಳನ್ನು ಆಮೇಲೆ ಅಲ್ಲಿಗೆ ಬಿಡಬೇಕು.